ಚಿನ್ನ ತೀರಿದ ಮೇಲಿನ ಊರು

ಕಳೆದ ಯುಗಾದಿಯ ಕೂಟದಲ್ಲಿ ಒಬ್ಬಟ್ಟಿನ ಪಂಕ್ತಿ ಮುಗಿದು, ಹಿರಿಯರೆಲ್ಲ ಎಲೆಯಡಿಕೆಯ ತಟ್ಟೆಗೆ ಕೈಹಾಕಿದ ಹೊತ್ತಿನಲ್ಲಿ ನಮ್ಮ ಸಂಘದ ಮಕ್ಕಳ ಗುಂಪೊಂದು ನಮ್ಮನ್ನು ಮುತ್ತಿಕೊಂಡಿತು. "ಅಂಕಲ್, ನೀವು ಕೆ.ಜಿ.ಎಫ್. ಕಡೆಯವರಂತೆ! ಅಂಥ ಊರು ನಿಜವಾಗಿಯೂ ಇದೆಯಾ? ಅಲ್ಲಿ ಮನುಷ್ಯರು ಇರುತ್ತಾರಾ?" ಎಂದು ಒಬ್ಬ ಹುಡುಗ ಕೇಳಿಯೇ ಬಿಟ್ಟ. 2018ರಲ್ಲಿ ಆ ಹೆಸರಿನ ಸಿನಿಮಾ ಬಂದಂದಿನಿಂದ, ಕನ್ನಡ ಅಕ್ಷರ ಬಾರದ ಮಕ್ಕಳಿಗೂ ಆ ಮೂರು ಇಂಗ್ಲಿಷ್ ಅಕ್ಷರಗಳು ಬಾಯಿಪಾಠ. ನಾವು ಮುಳಬಾಗಿಲಿನವರು, ಗಣಿಯ ಊರು ನಮಗೆ ಹತ್ತಿರ. ಅದಕ್ಕಿಂತ ಹೆಚ್ಚಾಗಿ, ಅದು ನಮ್ಮ ಸೋದರಮಾವನ ಊರು. "ಇದ್ದಾರಪ್ಪ, ನಮ್ಮ ಮಾವನೇ ಇದ್ದಾರೆ" ಎಂದೆವು. ಹುಡುಗನಿಗೆ ಅಷ್ಟಾಗಿ ನಂಬಿಕೆ ಬಂದಂತೆ ಕಾಣಲಿಲ್ಲ. ಆದುದರಿಂದ ಈ ಸಂಚಿಕೆಯ ನಮ್ಮ ಪುಟವನ್ನು ಅವನಿಗೆಂದೇ ಮೀಸಲಿಟ್ಟಿದ್ದೇವೆ. ಅವನಿಗೆ ಓದಲು ಬಾರದಿದ್ದರೆ ತಾಯಿತಂದೆಗಳು ಓದಿ ಹೇಳಬೇಕು.

ಕೋಲಾರಕ್ಕೆ ಹೋಗುವ ಮುನ್ನ ವಾಚಕರನ್ನು ಇಲ್ಲಿಯೇ ಸ್ಟ್ರ್ಯಾಂಡ್ ರಸ್ತೆಗೆ ಕರೆದೊಯ್ಯುತ್ತೇವೆ. ಹೂಗ್ಲಿಯ ದಡಕ್ಕೆ ಸಮೀಪದಲ್ಲಿ, ಗ್ರೀಕ್ ದೇಗುಲದ ಹಾಗೆ ದಪ್ಪ ಕಂಬಗಳ ಸಾಲನ್ನು ಹೊತ್ತು ನಿಂತ ಒಂದು ಹಳೆಯ ಕಟ್ಟಡವಿದೆ. ಅದು 1829ರಲ್ಲಿ ಕೆಲಸ ಆರಂಭಿಸಿದ ಬೆಳ್ಳಿಯ ಟಂಕಸಾಲೆ. ನಮ್ಮ ಆಫೀಸಿನ ಬಂಗಾಳಿ ಗೆಳೆಯರು ಅದನ್ನು 'ಟಾಂಕ್‌ಶಾಲ್' ಎನ್ನುತ್ತಾರೆ. ಮೊದಲ ಸಲ ಆ ಮಾತು ಕಿವಿಗೆ ಬಿದ್ದಾಗ ನಮಗೆ ಊರಿನ ನೆಂಟರೊಬ್ಬರು ಟ್ರಾಮಿನಲ್ಲಿ ಸಿಕ್ಕಷ್ಟು ಸಂತೋಷವಾಯಿತು. ಟಂಕಸಾಲೆಯ ಕೆಲಸ 1952ರಲ್ಲಿ ಅಲಿಪುರಕ್ಕೆ ಹೋಯಿತು. ಕಂಬಗಳು ಮಾತ್ರ ಇಲ್ಲಿಯೇ ಉಳಿದವು.

ಈ ಕಟ್ಟಡದ ಬಾಗಿಲಿಗೂ ಏಳು ಸಮುದ್ರದಾಚೆಯ ಮರುಭೂಮಿಗೂ ಒಂದು ಸಂಬಂಧವಿದೆ. 1893ರ ಜೂನ್ ತಿಂಗಳವರೆಗೆ ಯಾರು ಬೇಕಾದರೂ ಬೆಳ್ಳಿಯ ಗಟ್ಟಿಯನ್ನು ಇಲ್ಲಿಗೋ ಮುಂಬಯಿಯ ಟಂಕಸಾಲೆಗೋ ತಂದು, ಅಲ್ಪ ಕೂಲಿಯನ್ನು ಕೊಟ್ಟು, ರೂಪಾಯಿಗಳನ್ನಾಗಿ ಮಾಡಿಸಿಕೊಂಡು ಹೋಗಬಹುದಾಗಿತ್ತು. ಲೋಕದ ಬೆಳ್ಳಿಗೆ ನಮ್ಮ ದೇಶ ಅಷ್ಟು ದೊಡ್ಡ ಹೊಟ್ಟೆಯಾಗಿತ್ತು. ಬೆಳ್ಳಿಯ ಬೆಲೆ ಇಳಿಯುತ್ತ ಬಂದು ರೂಪಾಯಿಯ ಮಾನವೂ ಅದರೊಡನೆ ಇಳಿಯತೊಡಗಿದಾಗ, ಸರಕಾರ ಆ ತಿಂಗಳ 26ರಂದು ಸಾರ್ವಜನಿಕರ ಬೆಳ್ಳಿಗೆ ಬಾಗಿಲು ಮುಚ್ಚಿತು. ಕೆಲವೇ ದಿನಗಳಲ್ಲಿ ಬೆಳ್ಳಿಯ ಬೆಲೆ ಮತ್ತಷ್ಟು ಕುಸಿಯಿತು. ಅದೇ ವರ್ಷ ಅಮೆರಿಕದ ಸರಕಾರವೂ ಬೆಳ್ಳಿಯನ್ನು ಕೊಳ್ಳುವ ತನ್ನ ಕಾನೂನನ್ನು ರದ್ದುಮಾಡಿತು. ಕ್ಯಾಲಿಫೋರ್ನಿಯದ ಮೊಹಾವೆ ಮರುಭೂಮಿಯಲ್ಲಿ ಕ್ಯಾಲಿಕೊ ಎಂಬ ಊರೊಂದು 1881ರಲ್ಲಿ ಬೆಳ್ಳಿಯ ಆಸೆಯಿಂದ ಹುಟ್ಟಿ, ಅಂಗಡಿ ಹೋಟೆಲು ಶಾಲೆಗಳಿಂದ ಮೆರೆದಿತ್ತು. ಬೆಲೆ ಬಿದ್ದಮೇಲೆ ಒಂದೊಂದೇ ಗಣಿ ನಿಂತು, ಇಪ್ಪತ್ತನೆಯ ಶತಮಾನ ಬರುವ ಹೊತ್ತಿಗೆ ಊರು ಬರಿದಾಯಿತು. ಈಗ ಅದು ಪ್ರವಾಸಿಗಳು ಚೀಟಿ ಕೊಂಡು ನೋಡುವ ಉದ್ಯಾನ. ಕಲ್ಕತ್ತೆಯ ಕಚೇರಿಯಲ್ಲಿ ನಮ್ಮಂಥ ಗುಮಾಸ್ತನೊಬ್ಬ ನಕಲು ತೆಗೆದ ಆಜ್ಞೆಯಿಂದ, ತಾನು ಕಂಡರಿಯದ ಮರಳುಗಾಡಿನಲ್ಲಿ ಯಾರದೋ ಒಲೆ ಆರಿತೆಂದು ಎಣಿಸಿದಾಗ ನಮಗೆ ನಮ್ಮ ಮೇಜಿನ ಫೈಲುಗಳ ಮೇಲೆ ಸ್ವಲ್ಪ ಭಯವೇ ಆಗುತ್ತದೆ.

ಇನ್ನು ನಮ್ಮ ಊರಿನ ಕಥೆ. ಮಾರಿಕುಪ್ಪ, ಉರಿಗಾಂ ಕಡೆಯ ರೈತರು ಕೆಂಪು ಮಣ್ಣನ್ನು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದುದು ಬಹಳ ಹಿಂದಿನ ಮಾತು. ಅವರಿಗೂ ಹಿಂದಿನವರು ಕಲ್ಲನ್ನೇ ಕೊರೆದು ಆಳದ ಗುಂಡಿಗಳನ್ನು ತೋಡಿ ಬಿಟ್ಟಿದ್ದರು. ಟಿಪ್ಪು ಸುಲ್ತಾನನು 1799ರಲ್ಲಿ ಮಡಿದ ಮೇಲೆ ಮೈಸೂರಿನ ಗಡಿಯನ್ನು ಅಳೆಯಲು ಬಂದ ವಾರೆನ್ ಎಂಬ ಲೆಫ್ಟಿನೆಂಟನಿಗೆ 1802ರಲ್ಲಿ ಈ ಸುದ್ದಿ ತಿಳಿಯಿತು. ಚಿನ್ನ ತೋರಿಸಿದವರಿಗೆ ಬಹುಮಾನ ಎಂದು ಸಾರಿದಾಗ, ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ತುಂಬಿ ತಂದು ಅವನ ಕಣ್ಣೆದುರಿಗೇ ತೊಳೆದು ತೋರಿಸಿದರು. ಅವನು ಬರೆದ ವರದಿ 1804ರಲ್ಲಿ ಅಚ್ಚಾಯಿತು. ನಡುವೆ ಕೆಲವರು ಕೈಯಾಡಿಸಿ ನೋಡಿ ಕೈಬಿಟ್ಟರು. ಹೀಗೆ ಸುಮಾರು ಎಪ್ಪತ್ತು ವರ್ಷ ಕಳೆಯಿತು. ಸರಕಾರಿ ವರದಿಗಳ ಆಯುಸ್ಸು ನಮಗೆ ತಿಳಿಯದ್ದೇನಲ್ಲ.

ಆ ವರದಿಯ ಧೂಳನ್ನು 1871ರಲ್ಲಿ ಕೊಡವಿದವನು ಮೈಕೆಲ್ ಲೆವೆಲ್ ಎಂಬ ಐರಿಷ್ ನಿವೃತ್ತ ಸೈನಿಕ. ನ್ಯೂಜಿಲೆಂಡಿನ ಯುದ್ಧದಿಂದ ಬಂದು ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದವನು ಎತ್ತಿನ ಗಾಡಿ ಹೂಡಿಸಿಕೊಂಡು ಕೋಲಾರದ ಕಡೆಗೆ ಹೊರಟ. 1873ರಲ್ಲಿ ಮೈಸೂರು ಸರಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಪರವಾನಗಿ ಪಡೆದ. ಹಣ ಸಾಲದೆ ಸ್ವಲ್ಪ ಕಾಲದಲ್ಲಿಯೇ ಹಕ್ಕನ್ನು ಬೇರೆಯವರಿಗೆ ವಹಿಸಿಕೊಟ್ಟ. ಬೆಂಗಳೂರಿನ ಲೆವೆಲ್ ರಸ್ತೆಯಲ್ಲಿ ಕಾಫಿ ಕುಡಿದು ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಹೆಸರು ಇವನದೇ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಕಂಪೆನಿ ಬಂದಿತು. ಮೊದಲ ಎರಡು ಮೂರು ವರ್ಷ ಹಣವೆಲ್ಲ ಮಣ್ಣು ಪಾಲು. ಪಾಲುದಾರರ ಧೈರ್ಯ ಕುಂದಿ, ಅಂಗಡಿ ಮುಚ್ಚೋಣವೆಂಬ ಮಾತೂ ಹುಟ್ಟಿತ್ತು. ಉಳಿದ ಹಣದಲ್ಲಿ ಕೊನೆಯ ಪ್ರಯತ್ನವೆಂದು ಪ್ಲಮ್ಮರ್ ಎಂಬ ಗಣಿಯ ಮೇಲ್ವಿಚಾರಕ, ಪೂರ್ವಿಕರು ತೋಡಿಬಿಟ್ಟಿದ್ದ ಗುಂಡಿಗಳ ಬುಡಕ್ಕೇ ಇಳಿದು ನೋಡಿದ. ಅಲ್ಲಿತ್ತು ಬೆಣಚುಕಲ್ಲಿನ ಸಿರಿ. ಅದೇ ಮುಂದೆ 'ಚಾಂಪಿಯನ್ ರೀಫ್' ಎನಿಸಿತು. ಹೆಸರಿಲ್ಲದ ನಮ್ಮ ಹಿರಿಯರು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಇವರ ಭಾಗ್ಯ ಆರಂಭವಾಯಿತು. ಅವರು ನಿಲ್ಲಿಸಿದ್ದು ಬುದ್ಧಿ ಸಾಲದೆ ಅಲ್ಲ. ಆಳದ ನೀರನ್ನು ಎತ್ತಿ ಹಾಕುವ ಯಂತ್ರ ಅವರಿಗೆ ಇರಲಿಲ್ಲ.

ಆಮೇಲಿನ ಭರಾಟೆ ಯಾವ ಸಿನಿಮಾಕ್ಕೂ ಕಡಮೆಯದಲ್ಲ. ಮೈಸೂರು, ಚಾಂಪಿಯನ್, ಉರಿಗಾಂ, ನಂದಿದುರ್ಗ ಎಂಬ ಹೆಸರಿನ ಗಣಿಗಳು ಸಾಲಾಗಿ ಎದ್ದವು. 1894ರಲ್ಲಿ ಬೌರಿಂಗ್‌ಪೇಟೆ, ಎಂದರೆ ಈಗಿನ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ರೈಲು ಬಂದಿತು. ಪಾಲಾರಿನ ಬೇತಮಂಗಲದ ಕೆರೆಯಿಂದ ಕೊಳಾಯಿ ನೀರು ಬಂದಿತು. ದಿವಾನ್ ಶೇಷಾದ್ರಿ ಅಯ್ಯರವರ ಯತ್ನದಿಂದ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ತೆಗೆದು, 147 ಕಿಲೋಮೀಟರು ದೂರ ತಂತಿ ಎಳೆದು, 1902ರಲ್ಲಿ ಗಣಿಗಳಿಗೆ ಕೊಟ್ಟರು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ್ದು ಆ ಕಾಲಕ್ಕೆ ಲೋಕದ ಸೋಜಿಗಗಳಲ್ಲಿ ಒಂದು. ಅದನ್ನು ನೋಡಲು ದಿವಾನರು ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಕಲ್ಕತ್ತೆಗೆ 1899ರಲ್ಲಿ ವಿದ್ಯುದ್ದೀಪ ಬಂದರೆ, ಕೋಲಾರದ ಗಣಿಗೆ 1902ರಲ್ಲಿ, ಬೆಂಗಳೂರಿಗೆ 1905ರಲ್ಲಿ. ರಾಜಧಾನಿಗಿಂತ ಮೊದಲು ಬೆಳಕು ಕಂಡ ಊರು ಇದು.

ಬೆಳಕು ಯಾರಿಗೆ ಎಂಬುದು ಬೇರೆ ಮಾತು. ಗುಡ್ಡದ ಮೇಲೆ ದೊರೆಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. 'ಚಿಕ್ಕ ಇಂಗ್ಲೆಂಡ್' ಎಂದು ಹೊಗಳಿಸಿಕೊಂಡದ್ದು ಅಷ್ಟು ಭಾಗ ಮಾತ್ರ. ಕೆಳಗೆ ಕೂಲಿಗಳ ಲೈನುಗಳು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬರಗಾಲಕ್ಕೂ ಜಾತಿಯ ಕಷ್ಟಕ್ಕೂ ಊರು ಬಿಟ್ಟವರು ಇಲ್ಲಿಗೆ ಬಂದರು. ಒಂದು ಕಾಲಕ್ಕೆ ದುಡಿಯುವವರ ಸಂಖ್ಯೆ ಮೂವತ್ತು ಸಾವಿರವನ್ನು ಮೀರಿತ್ತು. ಅವರಿಗೆ ಅಲ್ಲಿ ತಮಿಳೇ ಮನೆಮಾತು. ತೆಲುಗು, ಕನ್ನಡ, ಉರ್ದು ಬೀದಿಯ ಮಾತು. ಪಹರೆಗೆ ಪಂಜಾಬಿಗಳು, ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲಿನವರು. ಹೊರನಾಡಿನಲ್ಲಿ ಬದುಕುವ ಕನ್ನಡಿಗರಾದ ನಾವು ನೆನೆಯಬೇಕಾದ ಸಂಗತಿ ಇದು: ನಾವಿಲ್ಲಿ ಬಂಗಾಳದವರ ಮಧ್ಯೆ ಹೇಗೋ, ಅವರು ನಮ್ಮ ನಾಡಿನಲ್ಲಿ ಹಾಗೆ. ವ್ಯತ್ಯಾಸವೇನೆಂದರೆ ನಾವು ಮೇಜಿನ ಮುಂದೆ ಕುಳಿತೆವು. ಅವರು ಮೂರು ಕಿಲೋಮೀಟರು ಕೆಳಗೆ ಇಳಿದರು.

ಇದು ಉತ್ಪ್ರೇಕ್ಷೆಯಲ್ಲ. ಚಾಂಪಿಯನ್ ಗಣಿ ಕೊನೆಗೆ ಸುಮಾರು 3,200 ಮೀಟರು ಆಳಕ್ಕೆ ಹೋಯಿತು. ಅಲ್ಲಿ ಕಲ್ಲಿನ ಕಾವೇ ಅರವತ್ತು ಡಿಗ್ರಿಯನ್ನು ಮೀರುತ್ತಿತ್ತು; ಗಾಳಿಯನ್ನು ಮೇಲೆ ತಣಿಸಿ ಕೆಳಕ್ಕೆ ಊದಬೇಕಾಗಿತ್ತು. ಅಷ್ಟು ಆಳದಲ್ಲಿ ಮೇಲಿನ ಭೂಮಿಯ ಭಾರವೆಲ್ಲ ಕಲ್ಲನ್ನು ಹಿಂಡುತ್ತಿರುತ್ತದೆ. ಒಂದು ಕಡೆ ತೋಡಿದರೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಸಿಡಿಯದಿದ್ದರೂ ಕಲ್ಲಿನ ಧೂಳು ಶ್ವಾಸಕೋಶವನ್ನು ಸೇರುತ್ತಿತ್ತು. ಸಿಲಿಕೋಸಿಸ್ ಎಂಬ ಆ ರೋಗವನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು ಇಲ್ಲಿಯೇ, 1934ರಲ್ಲಿ. 1940ರಿಂದ 46ರವರೆಗೆ ಪರೀಕ್ಷಿಸಿದ ಏಳೂವರೆ ಸಾವಿರ ಕೆಲಸಗಾರರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಗೆ ಅದು ತಗಲಿತ್ತು. ಬೌಬಜಾರಿನ ಅಂಗಡಿಯ ಗಾಜಿನ ಹಿಂದೆ ಹೊಳೆಯುವ ಸರವನ್ನು ಕಂಡಾಗ ನಮ್ಮ ಮನೆಯವರಿಗೆ ಗ್ರಾಮಿನ ದರ ನೆನಪಾಗುತ್ತದೆ, ನಮಗೆ ಕೆಮ್ಮು ನೆನಪಾಗುತ್ತದೆ. ಹೀಗೆ ಹೇಳಿ ನಾವು ಖರ್ಚು ತಪ್ಪಿಸಿಕೊಳ್ಳುತ್ತೇವೆಂಬುದು ಅವರ ಆರೋಪ. ಅದರಲ್ಲಿಯೂ ಸತ್ಯವಿಲ್ಲದಿಲ್ಲ.

ಬೇಸಗೆಯ ರಜೆಯಲ್ಲಿ ನಮ್ಮನ್ನು ಮಾವನ ಮನೆಗೆ ಕಳುಹಿಸುತ್ತಿದ್ದರು. ಮಾವ ಗಣಿಯಲ್ಲಿ ಹಾಜರಿ ಗುಮಾಸ್ತ. ಕೆಳಗಿಳಿಯುವ ಪ್ರತಿಯೊಬ್ಬನಿಗೂ ಸಂಖ್ಯೆ ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವಾಗ ಒಂದು ಗುರುತು, ಮೇಲೆ ಬಂದಾಗ ಒಂದು ಗುರುತು; ಪಾಳಿಯ ಕೊನೆಗೆ ಎರಡೂ ಲೆಕ್ಕ ಸರಿಹೋಗಬೇಕು. ಒಂದು ರಾತ್ರಿ ಊಟಕ್ಕೆ ಕುಳಿತಿದ್ದಾಗ ನೆಲ ಒಮ್ಮೆ ಕುಲುಕಿತು. ಅಡಿಗೆಮನೆಯ ನಾಗಂದಿಗೆಯ ಮೇಲಿನ ಲೋಟಗಳು ಗಿಲಿಗಿಲಿ ಎಂದವು. ಅತ್ತೆ ಬಡಿಸುತ್ತಿದ್ದ ಸೌಟನ್ನು ಹಾಗೆಯೇ ಹಿಡಿದು ನಿಂತರು. ಮಾವ ಕೈತೊಳೆದು, ಅಂಗಿ ಹಾಕಿಕೊಂಡು ಹೊರಟುಹೋದರು. ಆ ಪಾಳಿ ಅವರದಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಲೈನಿನ ಹೆಂಗಸೊಬ್ಬಳು ಬಂದು ನಮ್ಮ ಬಾಗಿಲ ಬಳಿ ನಿಂತಳು. ಏನನ್ನೂ ಕೇಳಲಿಲ್ಲ. ಅತ್ತೆ ಚಾಪೆ ಹಾಸಿದರೂ ಕೂಡಲಿಲ್ಲ. ಬೆಳಗಿನ ಜಾವ ಮಾವ ಬಂದು, ತಮ್ಮ ಮುರುಕು ತಮಿಳಿನಲ್ಲಿ, "ಬಿಲ್ಲೆ ಬಂತಮ್ಮ. ಕಾಲಿಗೆ ಪೆಟ್ಟು, ಅಷ್ಟೆ" ಎಂದರು. ಆಗ ಅವಳು ಅಲ್ಲಿಯೇ ಕುಸಿದು ಕುಳಿತು ಅತ್ತಳು. ನಮಗೆ ಆಗ ಎಂಟೋ ಒಂಬತ್ತೋ ವರ್ಷ. ಗುಮಾಸ್ತಗಿರಿಯೆಂದರೆ ಇಷ್ಟು ದೊಡ್ಡ ಕೆಲಸವೆಂದು ಅಂದು ತಿಳಿದುಕೊಂಡೆವು. ಆಮೇಲೆ ನಾವೂ ಗುಮಾಸ್ತರಾಗಿ ನೋಡಿದಾಗ ಎಲ್ಲ ಗುಮಾಸ್ತಗಿರಿಯೂ ಹಾಗಲ್ಲವೆಂದು ತಿಳಿಯಿತು.

ಗಣಿಗಳನ್ನು 1956ರಲ್ಲಿ ಮೈಸೂರು ಸರಕಾರ ವಹಿಸಿಕೊಂಡಿತ್ತು. 1962ರಲ್ಲಿ ಅವು ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. ಆದರೆ ಒಡೆತನ ಬದಲಾದರೆ ಬಂಡೆ ಬದಲಾದೀತೆ? ಮೊದಲ ದಿನಗಳಲ್ಲಿ ಟನ್ನು ಕಲ್ಲಿಗೆ ನಲವತ್ತು ಗ್ರಾಮಿಗೂ ಮಿಕ್ಕಿ ಸಿಗುತ್ತಿದ್ದ ಚಿನ್ನ, ಕೊನೆಗೆ ಮೂರು ನಾಲ್ಕು ಗ್ರಾಮಿಗೆ ಇಳಿಯಿತು. ಆಳ ಹೆಚ್ಚಿದಷ್ಟೂ ಖರ್ಚು ಹೆಚ್ಚಿತು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನವನ್ನು ಕೊಟ್ಟು, 2001ರ ಫೆಬ್ರವರಿ 28ರಂದು ಗಣಿ ನಿಂತಿತು. ಪಂಪುಗಳು ನಿಂತ ಸುರಂಗಗಳಲ್ಲಿ ನೀರು ಏರಿತು. ಇಂದು ಕರ್ನಾಟಕದಲ್ಲಿ ಚಿನ್ನ ತೆಗೆಯುವ ಊರೆಂದರೆ ರಾಯಚೂರು ಜಿಲ್ಲೆಯ ಹಟ್ಟಿ.

ಕ್ಯಾಲಿಕೊದ ಹಾಗೆ ಕೋಲಾರದ ಗಣಿ ಊರೂ ಬರಿದಾಗಬಹುದಾಗಿತ್ತು. ಬರಿದಾಗಲಿಲ್ಲ. ಮರುಭೂಮಿಯ ಆ ಊರಿಗೆ ಜನ ಹತ್ತು ವರ್ಷಕ್ಕೆಂದು ಬಂದಿದ್ದರು. ಇಲ್ಲಿಯವರು ನಾಲ್ಕು ಐದು ತಲೆಮಾರು ಇದ್ದವರು. ಹಿಂತಿರುಗಿ ಹೋಗೋಣವೆಂದರೆ ಆರ್ಕಾಟಿನಲ್ಲಿ ಹೊಲವೂ ಇಲ್ಲ, ಗುರುತೂ ಇಲ್ಲ. ಭೂಮಿ ಅಗೆಯುವ ಯಂತ್ರಗಳ ಬೆಮೆಲ್ ಕಾರ್ಖಾನೆ 1960ರ ದಶಕದಿಂದ ಅಲ್ಲಿದೆ. ಅದು ಕೆಲವರಿಗೆ ಅನ್ನ ಕೊಟ್ಟಿತು. ಉಳಿದವರು ರೈಲು ಹತ್ತಿದರು. ಪ್ರತಿದಿನವೂ ಸೂರ್ಯ ಹುಟ್ಟುವ ಮೊದಲೇ ಮಾರಿಕುಪ್ಪದ ರೈಲು ತುಂಬಿ ಬೆಂಗಳೂರಿಗೆ ಹೋಗುತ್ತದೆ, ಕತ್ತಲಾದ ಮೇಲೆ ತುಂಬಿ ಬರುತ್ತದೆ. ಹಿಂದೆ ಭೂಮಿಯ ಒಳಕ್ಕೆ ಇಳಿಯುತ್ತಿದ್ದವರ ಮಕ್ಕಳು ಈಗ ನೂರು ಕಿಲೋಮೀಟರು ಅಡ್ಡಕ್ಕೆ ಹೋಗುತ್ತಾರೆ. ಸೂರ್ಯನನ್ನು ಕಾಣದೆ ಮನೆ ಬಿಡುವುದು ಮಾತ್ರ ಹಾಗೆಯೇ ಇದೆ.

ಮಾವನಿಗೆ ಗಣಿ ಮುಚ್ಚಿದಾಗ ನಲವತ್ತಾರು ವರ್ಷ. ಬೆಂಗಳೂರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿ, ಹದಿನಾಲ್ಕು ವರ್ಷ ಅದೇ ರೈಲಿನಲ್ಲಿ ಓಡಾಡಿದರು. ರಾತ್ರಿ ಚಾಂಪಿಯನ್ ನಿಲ್ದಾಣದಲ್ಲಿ ಇಳಿದ ಮೇಲೆ ಅವರು ನೇರ ಮನೆಗೆ ಬರುತ್ತಿರಲಿಲ್ಲವಂತೆ. ಬೆಳಗ್ಗೆ ತಮ್ಮ ಡಬ್ಬಿಯಲ್ಲಿ ಹತ್ತಿದವರೆಲ್ಲ ಇಳಿದರೇ ಎಂದು ಎಣಿಸಿ ನೋಡಿ, ಯಾರಾದರೂ ಕಾಣದಿದ್ದರೆ ಅವರ ಮನೆಯ ಬಾಗಿಲು ತಟ್ಟಿ ಹೇಳಿ ಬರುತ್ತಿದ್ದರು. "ಆಫೀಸು ಮುಚ್ಚಿತು, ನಿಮ್ಮ ಮಾವನ ಹಾಜರಿ ಪುಸ್ತಕ ಮುಚ್ಚಲಿಲ್ಲ" ಎಂದು ಅತ್ತೆ ನಗುತ್ತಿದ್ದರು.

ಹೋದ ವರ್ಷ ರಜೆಯಲ್ಲಿ ಹೋದಾಗ ಮಾವ ನಮ್ಮನ್ನೂ ಮಗಳನ್ನೂ ಸಂಜೆ ತಿರುಗಾಡಲು ಕರೆದೊಯ್ದರು. ಕಲ್ಲು ಅರೆದು ಸೈನೈಡಿನಲ್ಲಿ ಚಿನ್ನ ತೆಗೆದುಕೊಂಡ ಮೇಲೆ ಚೆಲ್ಲಿದ ಪುಡಿಯ ದಿಬ್ಬಗಳು ಊರಿನ ಸುತ್ತ ಇಂದಿಗೂ ಇವೆ. ಆಷಾಢದ ಗಾಳಿಗೆ ಆ ಪುಡಿ ಎದ್ದು ಕಣ್ಣು ಮೂಗು ತುಂಬುತ್ತದೆ. ಅದರಲ್ಲಿ ಉಳಿದ ಚಿನ್ನವನ್ನು ಸೋಸುವ ಯೋಜನೆಗೆ ರಾಜ್ಯ ಸರಕಾರ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಊರಿನವರು ಆಸೆಯಿಂದ ಆ ಮಾತನ್ನೇ ಆಡುತ್ತಾರೆ. ಮಾವ ಆ ಬಗ್ಗೆ ಏನೂ ಹೇಳಲಿಲ್ಲ. ಬದಲಿಗೆ ಮಗಳಿಗೆ ಬೇರೊಂದು ಕಥೆ ಹೇಳಿದರು. ಗಣಿಯ ಆಳದಲ್ಲಿ ಚಿನ್ನವಲ್ಲದ್ದನ್ನು ಹುಡುಕಲು ಬಂದವರೂ ಇದ್ದರು. ಟಾಟಾ ಸಂಶೋಧನ ಸಂಸ್ಥೆಯ ಬಿ. ವಿ. ಶ್ರೀಕಂಠನ್‌ರವರು, ಹೋಮಿ ಭಾಭಾರವರ ಮಾತಿನ ಮೇಲೆ, 1951ರಲ್ಲಿಯೇ ಇಲ್ಲಿಗೆ ಉಪಕರಣಗಳನ್ನು ಇಳಿಸಿದ್ದರು. 1965ರಲ್ಲಿ ಇಲ್ಲಿಯೂ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿಯೂ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಸುಳಿವು ಲೋಕದಲ್ಲಿ ಮೊದಲ ಸಲ ಸಿಕ್ಕಿತು. ಭೂಮಿಯನ್ನೇ ತೂರಿಹೋಗುವ ಅಷ್ಟು ಸೂಕ್ಷ್ಮವಾದುದನ್ನು ಗುರುತಿಸಲು ಉಳಿದ ಗದ್ದಲವನ್ನೆಲ್ಲ ತಡೆಯುವ ದಪ್ಪ ಬಂಡೆ ಬೇಕಾಗಿತ್ತು.

ಮಗಳು ಕೇಳಿದಳು: "ತಾತ, ಎಲ್ಲ ಮುಗಿದುಹೋಯಿತಲ್ಲ, ನೀವು ಯಾಕೆ ಬೆಂಗಳೂರಿಗೆ ಹೋಗಲಿಲ್ಲ?" ಅವಳಿಗೆ ಕನ್ನಡದ ನಡುವೆ ಬಂಗಾಳಿ ನುಸುಳುತ್ತದೆ, ಮಾವನಿಗೆ ಅದು ಅರ್ಥವಾಗದಿದ್ದರೂ ಇಷ್ಟ. "ಯಾರು ಮುಗೀತು ಅಂದೋರು? ನಾವೆಲ್ಲ ಇಲ್ಲೇ ಇದೀವಲ್ಲಮ್ಮ" ಎಂದರು. ಆಮೇಲೆ ಅವಳ ಕಾಲಿನ ಧೂಳು ಕೊಡವಿ ಚಪ್ಪಲಿ ಹಾಕಿಸಿದರು.

ಕಲ್ಕತ್ತೆಗೆ ಬಂದ ಮೇಲೂ ಈ ಮಾತು ನಮ್ಮನ್ನು ಬಿಡಲಿಲ್ಲ. ನಮ್ಮ ಸಂಘದಲ್ಲಿಯೂ ಹಿಂದಿನಷ್ಟು ಮನೆಗಳಿಲ್ಲ. ಕೆಲವರಿಗೆ ವರ್ಗವಾಯಿತು, ಕೆಲವರ ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋದರು. ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು ಕೊಳ್ಳುವಾಗ ಕನ್ನಡ ಕೇಳಿಸುವುದು ಅಪರೂಪವಾಯಿತು. ಸಂಘ ಇನ್ನೆಷ್ಟು ದಿನ ಎಂದು ನಿಟ್ಟುಸಿರು ಬಿಡುವುದು ನಮ್ಮ ಕೂಟಗಳಲ್ಲಿ ಪಾಯಸದಷ್ಟೇ ಕಡ್ಡಾಯವಾಗಿಬಿಟ್ಟಿದೆ. ನಾವೂ ಬಿಟ್ಟವರೇ. ಆದರೆ ಈ ಯುಗಾದಿಯಂದು ಮಾವನನ್ನು ನೆನೆದು ಪಂಕ್ತಿಯಲ್ಲಿ ತಲೆಗಳನ್ನು ಎಣಿಸಿದೆವು. ಪ್ರತಿ ಕೂಟಕ್ಕೂ ಕೋಸಂಬರಿ ಮಾಡಿ ತರುತ್ತಿದ್ದ ಹಿರಿಯ ತಾಯಿಯೊಬ್ಬರು ಕಾಣಲಿಲ್ಲ. ವಿಚಾರಿಸಿದರೆ ಮೂರು ಕೂಟಗಳಿಂದ ಅವರು ಬಂದಿಲ್ಲ, ಯಾರಿಗೂ ಗೊತ್ತಾಗಿಲ್ಲ. ಮರುದಿನ ಆಫೀಸು ಮುಗಿಸಿ ಅವರ ಮನೆಗೆ ಹೋದೆವು. ಮಂಡಿಯ ನೋವಿನಿಂದ ಮೆಟ್ಟಿಲು ಇಳಿಯಲಾರರು, ಅಷ್ಟೆ. "ಒಬ್ಬರಾದರೂ ಕೇಳಿಕೊಂಡು ಬಂದಿರಲ್ಲ" ಎಂದು ಕಾಫಿ ಕೊಟ್ಟರು. ತಲೆ ತಗ್ಗಿಸಿ ಕುಡಿದೆವು.

ಆದುದರಿಂದ ಸಂಘದ ಕಾರ್ಯದರ್ಶಿಗಳಲ್ಲಿ ನಮ್ಮದೊಂದು ಅರಿಕೆ. ಮುಂದಿನ ಕೂಟದಿಂದ ಬಾಗಿಲಲ್ಲಿ ಒಂದು ಹಾಜರಿ ಪುಸ್ತಕವಿಡಲಿ. ಎರಡು ಸಲ ಬಾರದವರ ಮನೆಗೆ ಮೂರನೆಯ ವಾರದೊಳಗೆ ಯಾರಾದರೂ ಹೋಗಿ ಬರಲಿ. ಬರೆಯುವ ಗುಮಾಸ್ತಗಿರಿಯನ್ನು ಸಂಬಳವಿಲ್ಲದೆ ನಾವೇ ಮಾಡುತ್ತೇವೆ.

ಮಕ್ಕಳಿಗೆ ಇನ್ನೊಂದು ಮಾತು. ಪೂಜೆಯ ರಜೆಗೆ ಮುನ್ನ ಒಂದು ಭಾನುವಾರ ಸ್ಟ್ರ್ಯಾಂಡ್ ರಸ್ತೆಯ ಆ ಕಂಬಗಳನ್ನು ಹೊರಗಿನಿಂದ ನೋಡಿ, ಚೌರಂಗಿಯ ಜಾದೂಘರಕ್ಕೆ ಹೋಗಿ ಖನಿಜಗಳ ಕಪಾಟುಗಳ ಮುಂದೆ ನಿಲ್ಲೋಣ. ತಿಂಡಿಯ ಖರ್ಚು ಸಂಘದ್ದು, ಕಥೆ ನಮ್ಮದು. ಹೊರಡುವಾಗಲೂ ಹಿಂತಿರುಗುವಾಗಲೂ ಎಣಿಸುತ್ತೇವೆ, ಯಾರೂ ನಡುವೆ ತಪ್ಪಿಸಿಕೊಳ್ಳಕೂಡದು.